ಮಂದಿರಕ್ಕೂ ಮನೆಗೂ ನಡುವಣ ದಾರಿ

ಜಯನಗರದ ವಿಶಾಲವಾದ ಅಡ್ಡರಸ್ತೆಗಳನ್ನು ದಾಟಿ ಪೂರ್ವಾಭಿಮುಖವಾಗಿ ನಡೆದವನಿಗೆ, ರಸ್ತೆಗಳು ಕ್ರಮೇಣ ಕಿರಿದಾಗಿ, ಮನೆಯ ಗೋಡೆಗೆ ಮನೆಯ ಗೋಡೆ ತಾಗಿ, ಹೊಲಿಗೆಯಂತ್ರದ ಸದ್ದಿನೊಡನೆ ಕನ್ನಡ, ಉರ್ದು, ತಮಿಳುಗಳು ಒಂದೇ ಅಂಗಡಿಯ ಮುಂದೆ ಬೆರೆತು ಕೇಳಿಬರತೊಡಗಿದಾಗ, ತಿಲಕ್ ನಗರವನ್ನು ಹೊಕ್ಕೆನೆಂಬುದು ಯಾವ ನಾಮಫಲಕದ ನೆರವೂ ಇಲ್ಲದೆ ತಿಳಿಯುತ್ತದೆ. ಸಂಧ್ಯಾಕಾಲದಲ್ಲಿ ಇಲ್ಲಿನ ಓಣಿಗಳ ತುಂಬ ಮಕ್ಕಳು. ತಾಯಿ ನೆರೆಯ ಬಡಾವಣೆಯಲ್ಲಿ ಮನೆಗೆಲಸ ಮುಗಿಸಿ ಬರುವ ತನಕ ಮಗು ಪಕ್ಕದ ಮನೆಯ ಅಜ್ಜಿಯ ಕಣ್ಣಳತೆಯಲ್ಲಿ ಆಡುತ್ತಿರುತ್ತದೆ, ಆಡುತ್ತ ಆಡುತ್ತ ಪರಿಚಯವಿಲ್ಲದ ಓಣಿಗೆ ಕಾಲಿಟ್ಟಿತೆಂದರೆ ಯಾರಾದರೊಬ್ಬ ಹಿರಿಯರು ತಡೆದು ನಿಲ್ಲಿಸಿ, "ನೀನು ಯಾರ ಮನೆ ಮಗು?" ಎಂದು ಕೇಳಿಯೇ ಕೇಳುತ್ತಾರೆ. ಅತಿ ಸಾಮಾನ್ಯವಾದ ಪ್ರಶ್ನೆ. ಆದರೆ ಬಾಲ್ಯದ ಭದ್ರತೆಯೆಲ್ಲವೂ ಅದಕ್ಕೆ ಕೊಡುವ ಉತ್ತರದಲ್ಲಿ ಅಡಗಿದೆ.

ಇದೇ ತಿಲಕ್ ನಗರದಿಂದ ಅರ್ಧ ಗಂಟೆಯೊಳಗೆ ನಡೆದು ಹೋಗಬಹುದಾದಷ್ಟು ಸಮೀಪದಲ್ಲಿ, ಹೊಸೂರು ರಸ್ತೆಯ ಮೇಲೆ, ಕಿದ್ವಾಯಿ ಆಸ್ಪತ್ರೆಯ ಬಳಿ, ಸರ್ಕಾರದ ಬಾಲಮಂದಿರವಿದೆ. ಆ ಕಡೆಯ ರಸ್ತೆಗಳೆಲ್ಲ ಆಸ್ಪತ್ರೆಗಳ ರಸ್ತೆಗಳು: ಇತ್ತ ಜಯದೇವ, ಅತ್ತ ಕಿದ್ವಾಯಿ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ನಿಮ್ಹಾನ್ಸ್. ನಾಡಿನ ನಾನಾ ಜಿಲ್ಲೆಗಳಿಂದ ರೋಗಿಗಳನ್ನು ಕರೆತಂದ ಸಂಸಾರಗಳು ಅಲ್ಲಿನ ಕಾಲುದಾರಿಗಳ ಮೇಲೆ ಗಂಟುಮೂಟೆ ಇಟ್ಟುಕೊಂಡು ಕುಳಿತಿರುತ್ತವೆ. ತಂದೆತಾಯಿಯರ ವ್ಯಾಧಿ, ಮರಣ, ಮದ್ಯ, ಸಾಲ, ಕಲಹ, ವಲಸೆ ಇವುಗಳಲ್ಲಿ ಯಾವುದೊಂದರ ದೆಸೆಯಿಂದಲೋ ಮನೆಯ ಮಡಿಲಿನಿಂದ ಜಾರಿದ ಮಗು ಸರ್ಕಾರದ ಆಶ್ರಯಕ್ಕೆ ಬಂದು ಸೇರುತ್ತದೆ. ಅಂಥ ಮಗುವನ್ನು ಅದೇ ಪ್ರಶ್ನೆ ಕೇಳಿ ನೋಡಿ. ಕ್ಷಣಕಾಲ ಅದು ನಿರುತ್ತರವಾಗುತ್ತದೆ. ನಾವು ಇಂಥ ಸಂಸ್ಥೆಗಳಿಗೆ ಮಂದಿರವೆಂದೂ ಗೃಹವೆಂದೂ ನಿಲಯವೆಂದೂ ಆಶ್ರಮವೆಂದೂ ಹೆಸರಿಟ್ಟಿದ್ದೇವೆ. ಅವೆಲ್ಲವೂ ವಾಸಸ್ಥಾನವೆಂಬ ಅರ್ಥದ ಗೌರವದ ಶಬ್ದಗಳೇ ಹೌದು. ಆದರೆ ಮಗುವಿನ ನಿಘಂಟಿನಲ್ಲಿ ಇರುವುದು "ಮನೆ" ಎಂಬ ಒಂದೇ ಶಬ್ದ.

ಬಾಲಮಂದಿರಗಳನ್ನು ಹಳಿಯುವುದು ಈ ಬರಹದ ಉದ್ದೇಶವಲ್ಲ. ಹಸಿದ ಮಗುವಿಗೆ ಅನ್ನವನ್ನೂ, ಹೆದರಿದ ಮಗುವಿಗೆ ರಕ್ಷಣೆಯನ್ನೂ, ಬೀದಿಯಲ್ಲಿದ್ದ ಮಗುವಿಗೆ ಪಾಠಶಾಲೆಯನ್ನೂ ಅವು ಕೊಟ್ಟಿವೆ. ಅಲ್ಲಿ ಸ್ವಂತ ಮಕ್ಕಳಂತೆ ಕಂಡು ಸಾಕಿದ ಗೃಹಮಾತೆಯರೂ ಉಂಟು. ಆದರೆ ಆ ಗೃಹಮಾತೆಯ ಕೆಲಸಕ್ಕೆ ವೇಳಾಪಟ್ಟಿಯುಂಟು, ವರ್ಗಾವಣೆಯುಂಟು, ನಿವೃತ್ತಿಯುಂಟು. ಮಗುವಿಗಾದರೋ ವಯಸ್ಸೇ ವರ್ಗಾವಣೆಯ ಆಜ್ಞೆ: ಆರು ವರ್ಷ ತುಂಬುವ ತನಕ ಶಿಶುಮಂದಿರ, ಅನಂತರ ಬಾಲಕರ ಅಥವಾ ಬಾಲಕಿಯರ ಮಂದಿರ, ಹದಿನೆಂಟು ತುಂಬಿದೊಡನೆ ಆ ಬಾಗಿಲೂ ಮುಚ್ಚಿತು. ಒಬ್ಬರ ತೊಡೆಯ ಮೇಲೆ ಕುಳಿತು ಬೆಳೆಯಬೇಕಾದ ಜೀವ ಹೀಗೆ ಕಡತದಿಂದ ಕಡತಕ್ಕೆ ಬೆಳೆಯುವುದಾದರೆ, ಊಟ, ಬಟ್ಟೆ, ಹಾಸಿಗೆಗಳೆಲ್ಲ ಸಕಾಲಕ್ಕೆ ದೊರೆತರೂ ಯಾವುದೋ ಒಂದು ಮುಖ್ಯವಾದ ವಸ್ತು ದೊರೆಯಲಿಲ್ಲವೆಂದೇ ಹೇಳಬೇಕು.

ಆ ಮುಖ್ಯವಾದ ವಸ್ತುವನ್ನು ಕುಟುಂಬದ ಸ್ಥೈರ್ಯವೆಂದು ಕರೆಯೋಣ. ಅದಕ್ಕೆ ಮೂರು ಎಳೆಗಳಿವೆ. ಮೊದಲನೆಯದು ಭಾವದ ಸ್ಥೈರ್ಯ: ನಿನ್ನೆ ನನ್ನನ್ನು ಎತ್ತಿಕೊಂಡವರೇ ಇಂದೂ ಎತ್ತಿಕೊಳ್ಳುತ್ತಾರೆ, ನಾನು ತಪ್ಪು ಮಾಡಿದರೆ ಗದರುತ್ತಾರೆ, ಆದರೆ ತಪ್ಪು ಮಾಡಿದೆನೆಂದು ನನ್ನನ್ನು ಬೇರೊಂದು ಕಡೆಗೆ ಕಳುಹಿಸುವುದಿಲ್ಲವೆಂಬ ನಂಬಿಕೆ. ಎರಡನೆಯದು ಕಾನೂನಿನ ಸ್ಥೈರ್ಯ: ಶಾಲೆಯ ಅರ್ಜಿಯಲ್ಲಿ ಪೋಷಕರ ಹೆಸರಿನ ಜಾಗದಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಒಂದು ಸ್ಥಾನ, ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯ ಸಹಿ ಹಾಕಲು ಒಂದು ಕೈ, ನಾಳೆ ಆಸ್ತಿಯ ಮಾತು ಬಂದಾಗ ಒಂದು ಹಕ್ಕು. ಮೂರನೆಯದು ಕಾಲದ ಸ್ಥೈರ್ಯ: ಹದಿನೆಂಟು ವರ್ಷ ತುಂಬಿದ ಮೇಲೂ ಹಬ್ಬಕ್ಕೆ ಬರಲು ಒಂದು ಮನೆ, ಹೆರಿಗೆಗೆ ಬರಲು ಒಂದು ತವರು, ಕೆಲಸ ಹೋದಾಗ ಬಂದು ತಲೆಯಿಡಲು ಒಂದು ಮೂಲೆ. ಈ ಮೂರು ಎಳೆಗಳು ಹೆಣೆದುಕೊಂಡಾಗ ಮಾತ್ರ ಮಗು "ನಾನು ಇಂಥವರ ಮನೆಯದು" ಎಂದು ತಡವರಿಸದೆ ಹೇಳಬಲ್ಲುದು.

ನಮ್ಮ ಸಮಾಜ ಈ ಅರಿವಿಗೆ ಬಂದದ್ದು ನಿಧಾನವಾಗಿ. ಹಳೆಯ ತಲೆಮಾರಿನವರು ಧಾತು, ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಿದ್ದ 1876ರಿಂದ 1878ರ ತನಕದ ಮಹಾಕ್ಷಾಮದಲ್ಲಿ ಮೈಸೂರು ಸೀಮೆಯ ಸಂಸಾರಗಳು ಸಂಸಾರಗಳಾಗಿಯೇ ಅಳಿದುಹೋದಾಗ, ಉಳಿದ ಮಕ್ಕಳಿಗಾಗಿ ಮಿಷನರಿಗಳು ಅನಾಥಾಲಯಗಳನ್ನು ತೆರೆದರು. ಆ ಕಾಲಕ್ಕೆ ಅದು ಪ್ರಾಣ ಉಳಿಸಿದ ಪುಣ್ಯಕಾರ್ಯ. ಆದರೆ ಕ್ಷಾಮಕಾಲದ ಉಪಾಯವೇ ಸುಭಿಕ್ಷಕಾಲದ ಪದ್ಧತಿಯೂ ಆಗಿ ನೆಲೆನಿಂತಿತು; ಕಷ್ಟಕ್ಕೊಳಗಾದ ಮಗುವೆಂದರೆ ಸಂಸ್ಥೆಗೆ ಸೇರಿಸತಕ್ಕ ಮಗುವೆಂಬ ಭಾವನೆ ದಾನಿಗಳಲ್ಲಿಯೂ ಅಧಿಕಾರಿಗಳಲ್ಲಿಯೂ ಬೇರೂರಿತು. 1989ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿ 1992ರಲ್ಲಿ ಭಾರತ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆ ಈ ಭಾವನೆಯನ್ನು ಅಲುಗಿಸಿತು. 2016ರ ಜನವರಿ 15ರಿಂದ ಜಾರಿಗೆ ಬಂದ 2015ರ ಬಾಲನ್ಯಾಯ ಕಾಯ್ದೆ ಅದನ್ನು ಸ್ಪಷ್ಟಾಕ್ಷರಗಳಲ್ಲಿ ನಿರಾಕರಿಸಿತು: ಮಗುವಿನ ಪಾಲನೆಯ ಮೊದಲ ಹೊಣೆ ಕುಟುಂಬದ್ದು, ಉಳಿದ ದಾರಿಗಳನ್ನೆಲ್ಲ ಸಮಂಜಸವಾಗಿ ವಿಚಾರಿಸಿ ನೋಡಿದ ಮೇಲೆಯೇ ಸಂಸ್ಥೆ, ಅದೂ ಕಟ್ಟಕಡೆಯ ಉಪಾಯವಾಗಿ.

ಕಾಯ್ದೆಯ ನಡೆಯನ್ನು ಜನಸಾಮಾನ್ಯರು ತಿಳಿದಿರಬೇಕಾದದ್ದು ಅವಶ್ಯ. ಪಾಲನೆ ಮತ್ತು ರಕ್ಷಣೆ ಅಗತ್ಯವಾದ ಮಗು ಯಾರ ಕಣ್ಣಿಗೆ ಬಿದ್ದರೂ, ಅದನ್ನು ಇಪ್ಪತ್ತನಾಲ್ಕು ಗಂಟೆಗಳೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಒಬ್ಬ ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರ ಈ ಸಮಿತಿಗೆ ಪ್ರಥಮ ದರ್ಜೆಯ ಮ್ಯಾಜಿಸ್ಟ್ರೇಟರ ಅಧಿಕಾರವಿದೆ. ಮಗುವಿನ ಮನೆಯ ಸ್ಥಿತಿಗತಿಗಳನ್ನು ಕುರಿತ ಸಾಮಾಜಿಕ ತನಿಖೆ ಹದಿನೈದು ದಿನಗಳೊಳಗೆ ಮುಗಿಯಬೇಕು; ಮೊದಲ ಹಾಜರಿಯಿಂದ ನಾಲ್ಕು ತಿಂಗಳೊಳಗೆ ಅಂತಿಮ ಆದೇಶ ಹೊರಡಬೇಕು; ಪ್ರತಿಯೊಂದು ಮಗುವಿಗೂ ಅದರದೇ ಆದ ಪಾಲನಾ ಯೋಜನೆ ಬರಹದಲ್ಲಿರಬೇಕು. ಈ ಗಡುವುಗಳನ್ನು ಕಚೇರಿಯ ಶಿಸ್ತೆಂದಷ್ಟೇ ತಿಳಿಯಬಾರದು. ಹಿರಿಯರಿಗೆ ನಾಲ್ಕು ತಿಂಗಳೆಂದರೆ ಒಂದು ಮಳೆಗಾಲ. ಒಂದು ವರ್ಷದ ಮಗುವಿಗೆ ಅದು ಆಯುಸ್ಸಿನ ಮೂರನೆಯ ಒಂದು ಪಾಲು. ಕಡತ ಮೇಜಿನ ಮೇಲೆ ಮಲಗಿರುವಾಗ ಮಗುವಿನ ಬಾಲ್ಯ ಮಲಗಿರುವುದಿಲ್ಲ.

ಇನ್ನು ಸ್ಥಿರವಾದ ಮನೆಗೆ ಹೋಗುವ ದಾರಿಗಳಲ್ಲಿ ಮೊದಲನೆಯದೂ ಉತ್ತಮವಾದದ್ದೂ ಮಗುವಿನ ಸ್ವಂತ ಮನೆಗೆ ಹಿಂದಿರುಗುವ ದಾರಿ. ಅನಾಥಾಲಯವೆಂಬ ಹೆಸರು ನಮ್ಮನ್ನು ಬಹುಕಾಲ ಮೋಸಗೊಳಿಸಿದೆ. ಜಗತ್ತಿನ ಯಾವ ಭಾಗದಲ್ಲಿ ನೋಡಿದರೂ ಇಂಥ ಸಂಸ್ಥೆಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆತಾಯಿಯರಲ್ಲಿ ಒಬ್ಬರಾದರೂ, ಅಥವಾ ಹತ್ತಿರದ ಬಂಧುವಾದರೂ, ಜೀವಂತವಾಗಿ ಇದ್ದೇ ಇರುತ್ತಾರೆ. ಅವರಲ್ಲಿ ಇಲ್ಲದ್ದು ಪ್ರೀತಿಯಲ್ಲ, ಶಕ್ತಿ. ತಿಲಕ್ ನಗರದ ಒಂದು ಬಾಡಿಗೆಯ ಕೋಣೆಯನ್ನು ಕಲ್ಪಿಸಿಕೊಳ್ಳೋಣ. ಮಗಳು ತೀರಿಕೊಂಡಿದ್ದಾಳೆ, ಅಳಿಯ ಬೇರೆ ಸಂಸಾರ ಹೂಡಿ ಬೇರೆ ಊರಿಗೆ ಹೋಗಿದ್ದಾನೆ, ಎಂಟು ವರ್ಷದ ಮೊಮ್ಮಗಳನ್ನು ಊದಿನಕಡ್ಡಿ ಹೊಸೆದು ಸಾಕುತ್ತಿರುವ ಅಜ್ಜಿಗೆ ಕಣ್ಣು ಮಂಜಾಗತೊಡಗಿದೆ. ನೆರೆಯವರು ಒಳ್ಳೆಯ ಮನಸ್ಸಿನಿಂದಲೇ, "ನಾನಿ, ಹುಡುಗಿಯನ್ನು ಎಲ್ಲಿಯಾದರೂ ಸೇರಿಸಿಬಿಡಿ, ಹೊಟ್ಟೆತುಂಬ ಊಟವಾದರೂ ಸಿಕ್ಕೀತು" ಎನ್ನುತ್ತಾರೆ. ಈ ಒಂದು ಮಾತಿನ ಬಲದಿಂದ ಎಷ್ಟೋ ಮಕ್ಕಳು ಮನೆ ಕಳೆದುಕೊಂಡಿದ್ದಾರೆ. ಆದರೆ ಅದೇ ಅಜ್ಜಿಗೆ ಹೇಳಬಹುದಾದ ಬೇರೊಂದು ಮಾತುಂಟು: ಕೇಂದ್ರದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ, ನಗರದಲ್ಲಿ ವರ್ಷಕ್ಕೆ 96,000 ರೂಪಾಯಿ ಮೀರದ ವರಮಾನದ ಕುಟುಂಬದಲ್ಲಿ ಬೆಳೆಯುತ್ತಿರುವ ಇಂಥ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವುಂಟು, ವಿಧವೆಯ ಮಗುವಿಗೂ, ಮಾರಕ ವ್ಯಾಧಿಯಿಂದ ನರಳುತ್ತಿರುವ ತಂದೆತಾಯಿಯರ ಮಗುವಿಗೂ, ಬಂಧುಗಳ ಆಸರೆಯಲ್ಲಿರುವ ಅನಾಥ ಮಗುವಿಗೂ ಅದು ಅನ್ವಯಿಸುತ್ತದೆ, ಅರ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕೊಡಬೇಕು, ಮಗು ಶಾಲೆ ಬಿಡಬಾರದು. 2021ರಲ್ಲಿ ಕೊರೋನಾ ಮಹಾಮಾರಿ ತಂದೆತಾಯಿಯರಿಬ್ಬರನ್ನೂ ಒಯ್ದ ಮಕ್ಕಳಿಗಾಗಿ ಕರ್ನಾಟಕ ಸರ್ಕಾರ ಬಾಲಸೇವಾ ಯೋಜನೆಯ ಮೂಲಕ ತಿಂಗಳಿಗೆ 3,500 ರೂಪಾಯಿ ಕೊಡಲು ಮುಂದಾದಾಗ ಅದರ ಹಿಂದಿದ್ದದ್ದೂ ಇದೇ ತತ್ವ: ಮಗುವನ್ನು ಹಣದ ಬಳಿಗೆ ಒಯ್ಯಬೇಡಿ, ಹಣವನ್ನು ಮಗುವಿರುವ ಮನೆಗೆ ಒಯ್ಯಿರಿ.

ಈ ತತ್ವವನ್ನು ಕನ್ನಡಿಗರಿಗೆ ಹೊಸದಾಗಿ ಬೋಧಿಸಬೇಕಾಗಿಲ್ಲ. ನಮ್ಮಲ್ಲಿ ಪ್ರತಿಯೊಂದು ಮಗುವೂ ಕೇಳಿ ಕಣ್ಣೀರಿಟ್ಟಿರುವ ಗೋವಿನ ಹಾಡಿನಲ್ಲಿ, ಹುಲಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಹೊರಟ ಪುಣ್ಯಕೋಟಿ ತನ್ನ ಕರುವನ್ನು ದೊಡ್ಡಿಯ ಗೊಲ್ಲನಿಗೆ ಒಪ್ಪಿಸಿ ಹೋಗುವುದಿಲ್ಲ. ತನ್ನ ಒಡಹುಟ್ಟುಗಳಂಥ ಹಸುಗಳೆದುರು ನಿಂತು, ಇದು ನಿಮ್ಮದೆಂದು ಭಾವಿಸಿರೆಂದು ಬೇಡಿಕೊಳ್ಳುತ್ತದೆ. ಸಾಯಲು ಹೊರಟ ತಾಯಿಗೆ ಇದ್ದ ಚಿಂತೆ ಕರುವಿನ ಮೇವಿನದಲ್ಲ, ಅದು ಯಾರ ಬಳಿಯಲ್ಲಿ ಮಲಗೀತೆಂಬುದು. ಚಿಕ್ಕಮ್ಮ, ಸೋದರಮಾವ, ಅಜ್ಜಿ, ಖಾಲಾ ಇವರ ಮನೆಗಳೇ ಇಂದಿಗೂ ಈ ನಾಡಿನ ಅತಿ ದೊಡ್ಡ ಶಿಶುರಕ್ಷಣಾ ವ್ಯವಸ್ಥೆ. ಸರ್ಕಾರ ಮಾಡಬೇಕಾದದ್ದು ಅವರ ಹೊರೆಯಲ್ಲಿ ಒಂದು ಪಾಲನ್ನು ಹೊರುವುದು.

ಸ್ವಂತದವರು ಯಾರೂ ಇಲ್ಲದಾಗ, ಅಥವಾ ಇದ್ದವರೇ ಮಗುವಿಗೆ ಕೇಡಾದಾಗ, ದತ್ತು ಎರಡನೆಯ ದಾರಿ. ತಾಯಿ ಮಗುವನ್ನು ಸಮಿತಿಗೆ ಒಪ್ಪಿಸಿದಲ್ಲಿ ಆ ನಿರ್ಧಾರವನ್ನು ಮರಳಿ ಯೋಚಿಸಲು ಆಕೆಗೆ ಅರವತ್ತು ದಿನಗಳ ಅವಕಾಶವಿದೆ. ತೊರೆಯಲ್ಪಟ್ಟ ಅಥವಾ ಅನಾಥವಾದ ಮಗುವಿನ ವಿಷಯದಲ್ಲಿ, ಹೆತ್ತವರನ್ನು ಹುಡುಕುವ ಪ್ರಯತ್ನ ನಡೆದ ಮೇಲೆ, ಎರಡು ವರ್ಷದೊಳಗಿನದಾದರೆ ಎರಡು ತಿಂಗಳಲ್ಲಿ, ಅದಕ್ಕೆ ಮೇಲ್ಪಟ್ಟದ್ದಾದರೆ ನಾಲ್ಕು ತಿಂಗಳಲ್ಲಿ ದತ್ತು ಯೋಗ್ಯವೆಂದು ಘೋಷಿಸಬೇಕು. 2021ರ ತಿದ್ದುಪಡಿ 2022ರ ಸೆಪ್ಟೆಂಬರಿನಿಂದ ಜಾರಿಯಾದಂದಿನಿಂದ ದತ್ತಕದ ಆದೇಶ ಹೊರಡಿಸುವ ಅಧಿಕಾರ ನ್ಯಾಯಾಲಯಗಳಿಂದ ಜಿಲ್ಲಾಧಿಕಾರಿಗಳಿಗೆ ಬಂದಿದೆ. ಮಗು ಮನೆ ಸೇರಿದ ಮೇಲೂ ಎರಡು ವರ್ಷಗಳ ಕಾಲ ಆರು ತಿಂಗಳಿಗೊಮ್ಮೆ ಅದರ ಕ್ಷೇಮವನ್ನು ವಿಚಾರಿಸುವ ಕ್ರಮವುಂಟು.

ತಿಲಕ್ ನಗರದಂತಹ, ಅನೇಕ ಮತಧರ್ಮಗಳವರು ಒಂದೇ ನಲ್ಲಿಯ ನೀರು ಹಿಡಿಯುವ ಪ್ರದೇಶದಲ್ಲಿ, ಇಲ್ಲೊಂದು ವಿಚಾರವನ್ನು ಬಿಡಿಸಿ ಹೇಳಬೇಕು. 1956ರ ಹಿಂದೂ ದತ್ತಕ ಕಾಯ್ದೆ ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ ಮಾತ್ರ ಅನ್ವಯಿಸುತ್ತದೆ. ಮುಸಲ್ಮಾನ, ಕ್ರೈಸ್ತ, ಪಾರ್ಸಿ ದಂಪತಿಗಳು ಮಗುವನ್ನು ಎಷ್ಟೇ ಅಕ್ಕರೆಯಿಂದ ಸಾಕಿದರೂ 1890ರ ಪಾಲಕತ್ವದ ಕಾಯ್ದೆಯ ಮೇರೆಗೆ, ಮಗು ವಯಸ್ಕವಾಗುತ್ತಲೇ ಮುಗಿದುಹೋಗುವ ಪಾಲಕರ ಸ್ಥಾನವನ್ನಷ್ಟೇ ಪಡೆಯುತ್ತಿದ್ದರು. 2014ರಲ್ಲಿ ಶಬ್ನಂ ಹಾಶ್ಮಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಆಗ ಜಾರಿಯಲ್ಲಿದ್ದ ಹಿಂದಿನ ಬಾಲನ್ಯಾಯ ಕಾಯ್ದೆಯ ಅಡಿಯಲ್ಲಿ ದತ್ತು ಪಡೆಯಲು ಯಾವ ಮತದವರಿಗೂ ಅಡ್ಡಿಯಿಲ್ಲವೆಂದೂ, ಹಾಗೆಂದು ಆ ಕಾಯ್ದೆ ಯಾರ ಮೇಲೂ ಒತ್ತಾಯವಲ್ಲವೆಂದೂ ಸ್ಪಷ್ಟಪಡಿಸಿತು. ಇನ್ನು, ದತ್ತಕವನ್ನು ಒಪ್ಪದೆ ಪರರ ಮಗುವಿನ ಪೋಷಣೆಯನ್ನು ಮಹಾಪುಣ್ಯವೆಂದು ಎಣಿಸುವ ಇಸ್ಲಾಮಿನ ಕಫಾಲಾ ಪದ್ಧತಿಗೆ ಮಕ್ಕಳ ಹಕ್ಕುಗಳ ಒಡಂಬಡಿಕೆಯ ಇಪ್ಪತ್ತನೆಯ ವಿಧಿಯೇ ಹೆಸರುಗೊಂಡು ಮನ್ನಣೆಯಿತ್ತಿದೆ. ಮನೆಯ ಬಾಗಿಲಿಗೆ ಯಾವ ತೋರಣವನ್ನು ಕಟ್ಟಿದ್ದಾರೆಂಬುದನ್ನು ನೋಡದೆ, ಬಾಗಿಲು ತೆರೆದಿದೆಯೇ ಎಂಬುದನ್ನು ನೋಡುವುದು ನ್ಯಾಯ.

ಆದರೆ ದತ್ತು ಬೇಡಿ ಬರುವವರಲ್ಲಿ ಹೆಚ್ಚಿನವರ ಮನಸ್ಸು ಹಸುಗೂಸಿನ ಮೇಲಿರುತ್ತದೆ. ಎಂಟು ವರ್ಷದ ಹುಡುಗ, ಒಬ್ಬರನ್ನೊಬ್ಬರು ಬಿಟ್ಟಿರಲಾರದ ಅಕ್ಕತಮ್ಮಂದಿರು, ಅಂಗವೈಕಲ್ಯವುಳ್ಳ ಮಗು ಇವರ ಸರದಿ ಬರುವುದೇ ದುರ್ಲಭ. ಇಂಥವರಿಗಾಗಿಯೇ ಇರುವ ಮೂರನೆಯ ದಾರಿ ಪೋಷಕತ್ವ: ರಕ್ತಸಂಬಂಧವಿಲ್ಲದ ಒಂದು ಕುಟುಂಬ, ಸಮಿತಿಯ ಆದೇಶದ ಮೇರೆಗೆ, ಮಗುವನ್ನು ತನ್ನ ಮನೆಯಲ್ಲಿಟ್ಟುಕೊಂಡು ಬೆಳೆಸುವುದು. ಇದಕ್ಕೂ ತಿಂಗಳಿಗೆ 4,000 ರೂಪಾಯಿಯ ನೆರವುಂಟು. 2024ರ ಮಾದರಿ ಮಾರ್ಗಸೂಚಿಗಳು ಅವಿವಾಹಿತರಿಗೂ ಒಂಟಿಯಾಗಿರುವವರಿಗೂ ಈ ಬಾಗಿಲನ್ನು ತೆರೆದು, ಮೊದಲು ಐದು ವರ್ಷಗಳಿದ್ದ ಅವಧಿಯನ್ನು ಇಳಿಸಿ, ದತ್ತು ಯೋಗ್ಯವಾದ ಮಗುವನ್ನು ಎರಡು ವರ್ಷ ಸಾಕಿದವರೇ ಅದನ್ನು ದತ್ತು ಪಡೆಯಬಹುದೆಂದಿವೆ. ಹೆರದೆ ಬೆಳೆಸಿದ ಪ್ರೀತಿ ಎರಡನೆಯ ದರ್ಜೆಯದೆಂದು ಸಂಶಯಪಡುವವರು ಕರ್ಣನನ್ನು ನೆನೆಯಲಿ. ಸೂತನ ಮನೆಯಲ್ಲಿ ಬೆಳೆದ ಆ ಮಹಾವೀರನನ್ನು ಲೋಕ ಇಂದಿಗೂ ರಾಧೇಯನೆಂದು ಕರೆಯುತ್ತದೆ. ಹೊಳೆಯಲ್ಲಿ ತೇಲಿಬಂದವನಿಗೆ ಹೆಸರಾಗಿ ನಿಂತವಳು ಎತ್ತಿಕೊಂಡ ತಾಯಿ.

ಇಷ್ಟೊಂದು ಆತುರವೇಕೆಂದು ಕೇಳುವವರಿಗೆ ವಿಜ್ಞಾನದ ಉತ್ತರವೂ ಸಿದ್ಧವಾಗಿದೆ. ರುಮೇನಿಯಾ ದೇಶದ ಬುಖಾರೆಸ್ಟ್ ನಗರದಲ್ಲಿ ಈ ಶತಮಾನದ ಆರಂಭದಲ್ಲಿ ಅಮೆರಿಕದ ವಿದ್ವಾಂಸರು ಸರ್ಕಾರಿ ಸಂಸ್ಥೆಗಳಲ್ಲಿದ್ದ 136 ಎಳೆಯ ಮಕ್ಕಳನ್ನು ಆರಿಸಿಕೊಂಡು, ಚೀಟಿಯೆತ್ತಿದಂತೆ ಅರ್ಧದಷ್ಟು ಮಕ್ಕಳನ್ನು ಪೋಷಕ ಕುಟುಂಬಗಳಿಗೆ ಕಳುಹಿಸಿ, ಉಳಿದವರನ್ನು ರೂಢಿಯ ವ್ಯವಸ್ಥೆಯಲ್ಲಿಯೇ ಬಿಟ್ಟು, ವರ್ಷಾನುಗಟ್ಟಲೆ ಪರೀಕ್ಷಿಸುತ್ತ ಬಂದರು. 2007ರಲ್ಲಿ ಪ್ರಕಟವಾದ ಫಲಿತಾಂಶ ನಿಸ್ಸಂದಿಗ್ಧವಾಗಿತ್ತು: ಕುಟುಂಬ ಸೇರಿದ ಮಕ್ಕಳು ಬುದ್ಧಿವಿಕಾಸದಲ್ಲಿ ಸಂಸ್ಥೆಯಲ್ಲಿ ಉಳಿದವರಿಗಿಂತ ಮುಂದಿದ್ದರು, ಅವರಲ್ಲಿಯೂ ಎರಡು ವರ್ಷ ತುಂಬುವ ಮೊದಲೇ ಮನೆ ಕಂಡವರಿಗೆ ದೊರೆತ ಲಾಭ ಹೆಚ್ಚಿನದು. ಸ್ಪರ್ಶ, ಮಾತು, ಕಣ್ಣೋಟಗಳಿಂದಲೇ ಮಗುವಿನ ಮೆದುಳು ಬೆಳೆಯುವುದಷ್ಟೆ. ಹತ್ತು ಮಕ್ಕಳಿಗೊಬ್ಬರಂತೆ ಇರುವ ಪಾಲಕಿ ಎಷ್ಟೇ ಕರುಣಾಳುವಾಗಿದ್ದರೂ ಆಕೆಗಿರುವುದು ಎರಡೇ ಕೈಗಳು. ತಿಲಕ್ ನಗರದ ನೆರೆಯಲ್ಲಿಯೇ ಇರುವ ನಿಮ್ಹಾನ್ಸ್ ಸಂಸ್ಥೆಯ ಸಂವಾದ್ ಕೇಂದ್ರ 2020ರಿಂದ ದೇಶದ ಮಕ್ಕಳ ರಕ್ಷಣಾ ಸಿಬ್ಬಂದಿಗೆ ಇಂಥ ಮಕ್ಕಳ ಮನಸ್ಸಿನ ಗಾಯಗಳ ಕುರಿತು ತರಬೇತಿ ನೀಡುತ್ತಿದೆ.

ಆತುರಕ್ಕೂ ಒಂದು ಮಿತಿಯಿರಬೇಕೆಂಬುದನ್ನು ಅಮೆರಿಕದ ಅನುಭವವೇ ಕಲಿಸುತ್ತದೆ. 1997ರ ಅಲ್ಲಿನ ಕಾಯ್ದೆ, ಇಪ್ಪತ್ತೆರಡು ತಿಂಗಳುಗಳಲ್ಲಿ ಹದಿನೈದನ್ನು ಮಗು ಪೋಷಕತ್ವದಲ್ಲಿ ಕಳೆದಿದ್ದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಹೆತ್ತವರ ಹಕ್ಕನ್ನು ಕೊನೆಗೊಳಿಸಲು ಸರ್ಕಾರ ಅರ್ಜಿ ಹಾಕಬೇಕೆಂದು ವಿಧಿಸಿತು. ಅನಿಶ್ಚಯದಲ್ಲಿ ಕೊಳೆಯುತ್ತಿದ್ದ ಅನೇಕ ಮಕ್ಕಳಿಗೆ ಅದರಿಂದ ಮನೆ ದೊರೆತದ್ದು ನಿಜ. ಬಡವರ ಮತ್ತು ಕರಿಯರ ಸಂಸಾರಗಳು ಸಾವರಿಸಿಕೊಳ್ಳುವ ಮೊದಲೇ ಮುರಿದುಹೋದವೆಂಬ ಆಕ್ಷೇಪವೂ ಅಷ್ಟೇ ನಿಜ. ದಾರಿದ್ರ್ಯ ಅಪರಾಧವಲ್ಲ. ತಾಯಿಗೆ ನೆರವು ಕೊಡದೆ ಆಕೆ ಅಸಮರ್ಥಳೆಂದು ತೀರ್ಪು ಕೊಡುವುದು ಅನ್ಯಾಯ. ನೆರವು ಕೊಟ್ಟ ಮೇಲೂ ವರ್ಷಗಟ್ಟಲೆ ತಿರುಗಿ ನೋಡದವರಿಗಾಗಿ ಮಗುವನ್ನು ಕಾಯಿಸುವುದು ಅದಕ್ಕಿಂತ ದೊಡ್ಡ ಅನ್ಯಾಯ. ಈ ಎರಡು ಅನ್ಯಾಯಗಳ ನಡುವಣ ಕಿರಿದಾದ ಹಾದಿಯಲ್ಲಿ ಪ್ರತಿಯೊಂದು ಮಗುವಿನ ಕೈಹಿಡಿದು ನಡೆಯುವುದೇ ಸಮಿತಿಯ ಸದಸ್ಯರ ಧರ್ಮ.

ಈ ಮೂರು ದಾರಿಗಳಲ್ಲಿ ಯಾವುದೂ ದೊರೆಯದೆ ಮಂದಿರದಲ್ಲಿಯೇ ಬೆಳೆದು ಹದಿನೆಂಟು ತುಂಬಿದವರನ್ನು ಮರೆಯಬಾರದು. ಅವರಿಗೆ ಇಪ್ಪತ್ತೊಂದನೆಯ ವಯಸ್ಸಿನವರೆಗೆ ಅನುಪಾಲನೆಯ ನೆರವನ್ನು ಕಾಯ್ದೆ ಒದಗಿಸಿದೆ. ಆದರೆ ಬಾಡಿಗೆಯ ಕೋಣೆ ಹುಡುಕುವಾಗ "ನಿಮ್ಮ ಕಡೆಯ ಹಿರಿಯರು ಯಾರು?" ಎಂದು ಮನೆಯ ಮಾಲಿಕರು ಕೇಳುವ ಪ್ರಶ್ನೆಗೆ ಹಣ ಉತ್ತರವಾಗಲಾರದು. ಅಂಥ ಯುವಕನಿಗೆ ಹಿರಿಯರಾಗಿ ನಿಲ್ಲುವ ಒಂದು ಸಂಸಾರ, ಕಾಗದದ ಮೇಲೆ ಯಾವ ಹೆಸರನ್ನೂ ಪಡೆಯದಿದ್ದರೂ, ಅವನ ಪಾಲಿಗೆ ಮನೆಯೇ ಸರಿ.

ನಮ್ಮ ದಕ್ಷಿಣ ಬೆಂಗಳೂರಿನಲ್ಲಿ ಒಂದು ಸದಾಚಾರ ರೂಢಿಯಲ್ಲಿದೆ. ಮಗುವಿನ ಹುಟ್ಟುಹಬ್ಬದ ದಿನವೋ, ಹಿರಿಯರ ತಿಥಿಯ ದಿನವೋ, ಅನಾಥಾಲಯಕ್ಕೆ ಹೋಗಿ ಸಿಹಿಯೂಟ ಬಡಿಸಿ ಬರುವುದು. ಕೊಡುವ ಆ ಕೈಗಳಿಗೆ ನನ್ನ ನಮಸ್ಕಾರ. ಆದರೆ ಆ ಪಂಕ್ತಿಯಲ್ಲಿ ಕುಳಿತ ಮಗು, ಬಡಿಸಲು ಬಂದ ಮಗುವಿನ ತಲೆಯನ್ನು ಅದರ ತಾಯಿ ನೇವರಿಸುವುದನ್ನು ನೋಡುತ್ತಿರುತ್ತದೆ. ಆ ನೋಟಕ್ಕೆ ಲಾಡು ಉತ್ತರವಲ್ಲ. ಅದೇ ಹಣದಿಂದ ಪಕ್ಕದ ಓಣಿಯ ಒಬ್ಬ ಅಜ್ಜಿಯ ಮೂರು ತಿಂಗಳ ಬಾಡಿಗೆ ಸಲ್ಲಬಹುದು. ಅದೇ ಅರ್ಧ ದಿನದಲ್ಲಿ ಆಕೆಯ ಪ್ರಾಯೋಜಕತ್ವದ ಅರ್ಜಿಯನ್ನು ತುಂಬಿಸಿ, ಆಧಾರ್, ಪಡಿತರ ಚೀಟಿ, ವರಮಾನದ ಪ್ರಮಾಣಪತ್ರ, ಮರಣಪತ್ರಗಳನ್ನು ಜೋಡಿಸಿ ಘಟಕದ ಕಚೇರಿಗೆ ಕರೆದೊಯ್ಯಬಹುದು. ಒಂದು ಮಗು ಮನೆಯಿಂದ ಹೊರಬೀಳದಂತೆ ತಡೆದವರ ಪುಣ್ಯ, ಹೊರಬಿದ್ದ ನೂರು ಮಕ್ಕಳಿಗೆ ಬಡಿಸಿದವರ ಪುಣ್ಯಕ್ಕಿಂತ ಕಡಮೆಯದಲ್ಲ.

ಆದುದರಿಂದ ಓದುಗರಲ್ಲಿ ನನ್ನ ಬಿನ್ನಹ ಇಷ್ಟೆ. ಸಂಕಟದಲ್ಲಿರುವ ಮಗು ಕಣ್ಣಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆಮಾಡಿ. ಆಸ್ಪತ್ರೆಯಲ್ಲಿಯೋ ದಲ್ಲಾಳಿಯ ಮೂಲಕವೋ ಮಗುವನ್ನು ನೇರವಾಗಿ ಪಡೆಯುವ ಆಸೆಗೆ ಬೀಳಬೇಡಿ. ಅದು ಶಿಕ್ಷಾರ್ಹ ಅಪರಾಧ, ಮಗುವಿನ ಹಕ್ಕೂ ಅದರಿಂದ ಅಭದ್ರ. ಮನೆಯಲ್ಲಿ ಜಾಗವೂ ಮನಸ್ಸಿನಲ್ಲಿ ಧೈರ್ಯವೂ ಇರುವವರು ಹಸುಗೂಸಿಗಾಗಿ ಮಾತ್ರ ಕಾಯದೆ, ಎಂಟು ಹತ್ತು ವರ್ಷದ ಮಕ್ಕಳ ಪೋಷಕತ್ವದ ವಿಚಾರವನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಒಮ್ಮೆ ಕೇಳಿ ಬನ್ನಿ. ಮತ್ತು ನಿಮ್ಮ ಓಣಿಯಲ್ಲಿ ಒಬ್ಬ ಅಜ್ಜಿಯೋ ಚಿಕ್ಕಮ್ಮನೋ ತಾಯಿಯಿಲ್ಲದ ಮಗುವನ್ನು ಸಾಕುತ್ತಿದ್ದರೆ, "ಎಲ್ಲಿಯಾದರೂ ಸೇರಿಸಿಬಿಡಿ" ಎಂಬ ಮಾತನ್ನು ದಯಮಾಡಿ ಆಡಬೇಡಿ. "ಇಲ್ಲಿಯೇ ಇರಲಿ, ನಾವಿದ್ದೇವೆ" ಎನ್ನಿ.